ಸೊನ್ನೆ ಎಲ್ಲಿದೆ ಅಂತ ಕೈಗೆ ಗೊತ್ತಾಗಬೇಕು

ಅಮ್ಮನ ಬಲಗೈ ನಡುಬೆರಳಿನ ತುದಿಯಲ್ಲಿ ಅಡ್ಡಕ್ಕೊಂದು ಗೆರೆ ಇದೆ. ನಾಲ್ಕು ಹೊಲಿಗೆ ಬಿದ್ದ ಗುರುತು. ಎರಡು ವರ್ಷದ ಹಿಂದೆ ಒಂದು ಸಂಜೆ, ತಿಪಟೂರು ಹತ್ತಿರದ ನಮ್ಮೂರ ಮನೆಯಲ್ಲಿ, ಹುಳಿಗೆ ಮಸಾಲೆ ರುಬ್ಬುತ್ತಿದ್ದಾಗ ಕರೆಂಟ್ ಹೋಯ್ತು. ಅಮ್ಮ ದೀಪ ಹಚ್ಚಿಟ್ಟು ಜಗಲಿಗೆ ಹೋಗಿ ಪಕ್ಕದ ಮನೆಯವರ ಜೊತೆ ಮಾತಿಗೆ ಕೂತಳು. ಅರ್ಧ ಗಂಟೆಯಾದರೂ ಕರೆಂಟ್ ಬರಲಿಲ್ಲ. ಅರೆದಷ್ಟೇ ಸಾಕು, ಹಾಕಿ ಕುದಿಸಿಬಿಡೋಣ ಅಂತ ಮೊಬೈಲ್ ಟಾರ್ಚ್ ಹಿಡಿದು, ಮುಚ್ಚಳ ತೆಗೆದು, ಜಾರಿನ ತಳಕ್ಕೆ ಕೈ ಹಾಕಿದಳು. ಆಗ ಕರೆಂಟ್ ಬಂತು.

ಮಿಕ್ಸಿಯ ನಾಬು ಎರಡರಲ್ಲೇ ಇತ್ತು.

ಬೆರಳು ಉಳೀತು. ಡಾಕ್ಟರು "ಪುಣ್ಯ ಮಾಡಿದ್ರಿ" ಅಂದರು. ಅಮ್ಮ ಮಾತ್ರ "ನಂದೇ ತಪ್ಪು ಬಿಡಿ, ಸೊನ್ನೆಗೆ ತಿರುಗಿಸೋದು ಮರೆತೆ" ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದಳು. ನನಗೆ ಸಿಟ್ಟು ಬಂದಿದ್ದು ಆ ಮಾತಿಗೆ. ಯಾಕಂದ್ರೆ ನಾನು ಹಾರ್ಡ್‌ವೇರ್ ಎಂಜಿನಿಯರ್. ಬೆಂಗಳೂರಿನಲ್ಲಿ ಅಡುಗೆಮನೆ ಉಪಕರಣಗಳಿಗೆ ಸರ್ಕ್ಯೂಟ್ ಬೋರ್ಡ್ ವಿನ್ಯಾಸ ಮಾಡಿಕೊಡೋ ಒಂದು ಚಿಕ್ಕ ಕಂಪನಿಯಲ್ಲಿ ನನ್ನ ಕೆಲಸ. ಸ್ವಿಚ್ಚು ತಯಾರಾಗಿದ್ದೇ ಹಾಗೆ ಇರುವಾಗ, ಮರೆತವರ ತಪ್ಪು ಅನ್ನೋದು ನನಗೆ ಸರಿ ಕಾಣಲಿಲ್ಲ.

ಆಸ್ಪತ್ರೆಯಿಂದ ವಾಪಸ್ ಬರುವಾಗ ಕಾರಿನಲ್ಲಿ ಅಪ್ಪ ಒಂದು ಮಾತು ಹೇಳಿದರು: "ಅಲ್ಲ ಮಗ, ನಮ್ಮ ಬೋರ್‌ವೆಲ್ ಸ್ಟಾರ್ಟರಿಗೆ ಇರೋವಷ್ಟು ಬುದ್ಧಿ ಈ ಮಿಕ್ಸಿಗೆ ಇಲ್ವಲ್ಲ?"

ತೋಟ ಇರೋರಿಗೆ ಇದು ಗೊತ್ತಿರುತ್ತೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಹಸಿರು ಗುಂಡಿ ಒತ್ತಿದರೆ ಒಳಗಿನ ಕಾಯಿಲ್ಲು ಅಯಸ್ಕಾಂತವಾಗಿ ಕಾಂಟ್ಯಾಕ್ಟ್‌ಗಳನ್ನ ಎಳೆದು ಹಿಡ್ಕೊಳ್ಳುತ್ತೆ. ಕರೆಂಟ್ ಹೋದ ಕ್ಷಣ ಆ ಹಿಡಿತ ತಪ್ಪಿ ಕಾಂಟ್ಯಾಕ್ಟ್ ಬಿಟ್ಟುಕೊಳ್ಳುತ್ತೆ. ಕರೆಂಟ್ ವಾಪಸ್ ಬಂದರೂ ಮೋಟಾರ್ ತಾನಾಗಿ ಹೊರಡಲ್ಲ, ಯಾರಾದರೂ ಬಂದು ಮತ್ತೆ ಹಸಿರು ಒತ್ತಬೇಕು. ಮೆಕ್ಯಾನಿಕ್‌ಗಳು ಇದನ್ನ ಎನ್‌ವಿಸಿ ಕಾಯಿಲ್ ಅಂತಾರೆ, ನೋ ವೋಲ್ಟ್ ಕಾಯಿಲ್. (ತ್ರೀ ಫೇಸ್ ನಡುರಾತ್ರಿ ಬರುತ್ತೆ ಅಂತ ಅಪ್ಪನೂ ಸೇರಿ ಅರ್ಧ ಊರು ಅದಕ್ಕೆ ಆಟೋ ಸ್ವಿಚ್ ಹಾಕಿಸಿ ಆ ಬುದ್ಧಿಯನ್ನೇ ತೆಗೆದುಹಾಕಿದ್ದಾರೆ. ಅದು ಬೇರೆ ಕಥೆ.)

ಮಿಕ್ಸಿಯ ತಿರುಗಿಸೋ ಸ್ವಿಚ್ಚು ಇದಕ್ಕೆ ತದ್ವಿರುದ್ಧ. ಎಲ್ಲಿಟ್ಟರೆ ಅಲ್ಲೇ ಇರುತ್ತೆ. ಕರೆಂಟ್ ಹೋದರೂ ಅದಕ್ಕೆ ನೆನಪು ಹೋಗಲ್ಲ.

ಪೇಪರ್ ಹಾಸಿ ಬಿಚ್ಚಿದೆ

ಆ ವಾರಾಂತ್ಯ ಹಳೇ ಮಿಕ್ಸಿಯನ್ನ ಬೆಂಗಳೂರಿಗೆ ತಂದು, ನೆಲದ ಮೇಲೆ ಪೇಪರ್ ಹಾಸಿ ಬಿಚ್ಚಿದೆ. ಕಾಲೇಜಿನಲ್ಲಿ ಮೈಕ್ರೋಕಂಟ್ರೋಲರ್ ಬಗ್ಗೆ ಎರಡು ಸೆಮಿಸ್ಟರ್ ಓದಿದ್ದ ನಾನು, ಒಂದು ರೋಟರಿ ಸ್ವಿಚ್ಚಿನ ಹೊಟ್ಟೆ ನೋಡಿದ್ದು ಅವತ್ತೇ ಮೊದಲು.

ನಾಬ್ ಎಳೆದರೆ ಕಿತ್ತು ಬರುತ್ತೆ. ಅದು ಕೂತಿರೋ ಕಡ್ಡಿ ಪೂರ್ತಿ ದುಂಡಗಿಲ್ಲ, ಒಂದು ಬದಿ ಕೊಯ್ದು ಚಪ್ಪಟೆ ಮಾಡಿರುತ್ತಾರೆ. ಹಾಗಾಗಿ ನಾಬನ್ನ ಒಂದೇ ರೀತಿ ಕೂರಿಸೋಕೆ ಆಗೋದು, ಬಾಣದ ಗುರುತು ಸುಳ್ಳು ಹೇಳೋಕೆ ಆಗಲ್ಲ. ಒಳಗೆ ಕಡ್ಡಿಗೆ ಸಿಕ್ಕಿಸಿರೋ ಒಂದು ಪ್ಲಾಸ್ಟಿಕ್ ಚಕ್ರ, ಅದರ ಅಂಚಿಗೆ ಹಳ್ಳಗಳು. ಹಳ್ಳಕ್ಕೆ ಒತ್ತಿ ಕೂರೋಕೆ ಒಂದು ಉಕ್ಕಿನ ಗುಂಡು, ಗುಂಡಿನ ಹಿಂದೆ ಸ್ಪ್ರಿಂಗು. ನೀವು ತಿರುಗಿಸಿದಾಗ ಗುಂಡು ದಿಬ್ಬ ಹತ್ತುತ್ತೆ, ನೆತ್ತಿ ದಾಟಿದ ಮೇಲೆ ತಾನಾಗೇ ಮುಂದಿನ ಹಳ್ಳಕ್ಕೆ ಜಾರುತ್ತೆ. ಅದೇ ಆ 'ಟಕ್'.

ಟಕ್ ಅನ್ನೋದು ನಮ್ಮ ಸಮಾಧಾನಕ್ಕೆ ಅಂತ ಅಂದುಕೊಂಡಿದ್ದೆ. ಅದಕ್ಕಿಂತ ದೊಡ್ಡ ಕೆಲಸ ಅದಕ್ಕಿದೆ. ಸ್ವಿಚ್ಚಿನೊಳಗೆ ಎರಡು ಲೋಹದ ತುದಿಗಳು ಮುಟ್ಟಿಯೂ ಮುಟ್ಟದ ಹಾಗೆ ನಿಂತರೆ ಅಲ್ಲಿ ಕಿಡಿ ಹಾರ್ತಾನೇ ಇರುತ್ತೆ, ತುದಿ ಸುಟ್ಟು ಗುಳಿ ಬೀಳುತ್ತೆ. ಆ ಗುಂಡು ಮತ್ತು ಹಳ್ಳ ಸೇರಿ ಸ್ವಿಚ್ಚನ್ನ ನಡುವೆ ಎಲ್ಲೂ ನಿಲ್ಲೋಕೆ ಬಿಡಲ್ಲ. ಅತ್ತ ಇರು, ಇಲ್ಲಾ ಇತ್ತ ಇರು. ಕಾಂಟ್ಯಾಕ್ಟ್ ಕಾಪಾಡೋಕೆ ಅಂತ ಇಟ್ಟಿದ್ದು ಬೆರಳಿಗೂ ಸುದ್ದಿ ಮುಟ್ಟಿಸುತ್ತೆ.

ನಮ್ಮ ಆಫೀಸಿನಲ್ಲಿ ಒಬ್ಬರು ಹಿರಿಯರಿದ್ದಾರೆ. ಮೂವತ್ತು ವರ್ಷ ಪೀಣ್ಯದ ವರ್ಕ್‌ಶಾಪುಗಳಲ್ಲಿ ಸ್ವಿಚ್ಚಿನ ಅಚ್ಚು ಮಾಡಿಸಿ, ರಿಟೈರ್ ಆದಮೇಲೆ ವಾರಕ್ಕೆರಡು ದಿನ ನಮ್ಮಲ್ಲಿಗೆ ಬರ್ತಾರೆ. ಎಲ್ಲರೂ ಮೇಷ್ಟ್ರೇ ಅಂತಲೇ ಕರೆಯೋದು. ಬಿಚ್ಚಿದ ಸ್ವಿಚ್ಚನ್ನ ಅವರ ಮುಂದೆ ಇಟ್ಟೆ.

"ಇದು ಮೊದಲು ಬಿಡುತ್ತಾ, ಮೊದಲು ಹಿಡಿಯುತ್ತಾ?" ಅಂತ ಕೇಳಿದರು. ನಾನು ಮಿಕಮಿಕ ನೋಡಿದೆ.

ರೋಟರಿ ಸ್ವಿಚ್ಚುಗಳಲ್ಲಿ ಎರಡು ಜಾತಿ. ಒಂದರಿಂದ ಎರಡಕ್ಕೆ ತಿರುಗಿಸುವಾಗ, ಕೆಲವು ಒಂದನ್ನ ಪೂರ್ತಿ ಬಿಟ್ಟ ಮೇಲೆ ಎರಡನ್ನ ಹಿಡಿಯುತ್ತವೆ. ಇನ್ನು ಕೆಲವು ತೆಂಗಿನ ಮರ ಹತ್ತೋರ ಹಾಗೆ, ಮೇಲಿನದ್ದು ಹಿಡಿದ ಮೇಲಷ್ಟೇ ಕೆಳಗಿನದ್ದು ಬಿಡೋದು. ಮಿಕ್ಸಿ ಮೋಟಾರಿನ ಸುರುಳಿಯಿಂದ ಬೇರೆ ಬೇರೆ ಜಾಗದಲ್ಲಿ ತಂತಿ ಹೊರತೆಗೆದು ಒಂದು, ಎರಡು, ಮೂರು ಸ್ಪೀಡು ಮಾಡಿರುತ್ತಾರೆ. ಇಲ್ಲಿ ಎರಡು ತಂತಿಗಳನ್ನ ಒಟ್ಟಿಗೆ ಹಿಡಿದರೆ ನಡುವಿನ ಸುತ್ತುಗಳು ಶಾರ್ಟ್ ಆಗಿ ಕಾಯುತ್ತವೆ. ಆದ್ದರಿಂದ ಮೊದಲು ಬಿಡಬೇಕು. ಹಳೇ ಮುಳ್ಳಿನ ಮೀಟರಿನಲ್ಲಿ ಕರೆಂಟ್ ಅಳೆಯುವಾಗ ಇದು ಉಲ್ಟಾ. ಅಲ್ಲಿ ಬಹುಪಾಲು ಕರೆಂಟು ಪಕ್ಕದ ದಾರಿಯಲ್ಲಿ ಹೋಗ್ತಾ ಇರುತ್ತೆ. ರೇಂಜ್ ಬದಲಿಸುವಾಗ ಆ ದಾರಿ ಒಂದು ಕ್ಷಣ ಕಡಿದರೂ ಎಲ್ಲಾ ಕರೆಂಟ್ ಮುಳ್ಳಿನ ಮೇಲೆ ಬಂದು ಬೀಳುತ್ತೆ. ಅಲ್ಲಿ ಮೊದಲು ಹಿಡೀಬೇಕು. ಹೊರಗಿಂದ ನೋಡಿದರೆ ಎರಡೂ ಒಂದೇ ಥರದ ನಾಬು.

ಆಮೇಲೆ ಮೇಷ್ಟ್ರು ಸ್ವಿಚ್ಚನ್ನ ಬೆಳಕಿಗೆ ಹಿಡಿದು, ಮೈ ಮೇಲೆ ಒತ್ತಿದ್ದ ಪುಟ್ಟ ಅಕ್ಷರ ತೋರಿಸಿದರು. 1ಇ4. ಅಂದ್ರೆ ಒಂದರ ಮುಂದೆ ನಾಲ್ಕು ಸೊನ್ನೆ, 10,000 ಸಲ ಹಾಕಿ ಆರಿಸೋ ಪರೀಕ್ಷೆ ಪಾಸಾಗಿದೆ ಅಂತ. ಕೇಳೋಕೆ ದೊಡ್ಡ ಸಂಖ್ಯೆ. ನಮ್ಮ ಅಡುಗೆಮನೆಯಲ್ಲಿ ದಿನಕ್ಕೆ ಆರು ಸಲ ಅಂದುಕೊಂಡರೂ ನಾಲ್ಕೂವರೆ ವರ್ಷಕ್ಕೆ ಲೆಕ್ಕ ಮುಗೀತು. ಅಮ್ಮನ ಮಿಕ್ಸಿಗೆ ಹನ್ನೊಂದು ವರ್ಷ ಆಗಿತ್ತು.

ಕೊನೆಯೇ ಇಲ್ಲದ ನಾಬು

ಅದೇ ಸಮಯಕ್ಕೆ ಆಫೀಸಿಗೆ ಒಂದು ಹೊಸ ಮಿಕ್ಸಿಯ ಬೋರ್ಡ್ ಮಾಡಿಕೊಡೋ ಕೆಲಸ ಬಂತು. ನಾನೇ ಕೈ ಎತ್ತಿ ತಗೊಂಡೆ. ಅಮ್ಮನ ಬೆರಳಿನ ಸೇಡು ತೀರಿಸಿಕೊಳ್ಳೋ ಹುಮ್ಮಸ್ಸು ಅಂತಿಟ್ಟುಕೊಳ್ಳಿ.

ಮೊದಲ ಮಾದರಿಯಲ್ಲಿ ನಾನು ರೋಟರಿ ಎನ್‌ಕೋಡರ್ ಹಾಕಿದೆ. ನಿಮ್ಮ ಕಾರ್ ಸ್ಟೀರಿಯೋದ ವಾಲ್ಯೂಮ್, ಎಷ್ಟೋ ವಾಷಿಂಗ್ ಮೆಷಿನ್‌ಗಳ ನಡುವಿನ ದೊಡ್ಡ ನಾಬು, ಎಷ್ಟು ತಿರುಗಿಸಿದರೂ ತಿರುಗುತ್ತಾನೇ ಇರುತ್ತಲ್ಲ, ಅದು. ನೋಡೋಕೆ ರೋಟರಿ ಸ್ವಿಚ್ಚಿನ ತಮ್ಮನ ಹಾಗೆ ಇದ್ದರೂ ಸ್ವಭಾವ ಪೂರ್ತಿ ಬೇರೆ. ಒಳಗೆ ಎರಡೇ ಕಾಂಟ್ಯಾಕ್ಟ್. ತಿರುಗಿಸಿದಾಗ ಅವು ಒಂದರ ಹಿಂದೆ ಒಂದು ಮುಚ್ಚಿ ತೆರೆಯುತ್ತವೆ. ಯಾವುದು ಮೊದಲು ಮುಚ್ಚಿತು ಅಂತ ನೋಡಿ ಚಿಪ್ಪು ಎಡಕ್ಕೋ ಬಲಕ್ಕೋ ಅಂತ ತಿಳ್ಕೊಳ್ಳುತ್ತೆ, ಎಷ್ಟು ಸಲ ಅಂತ ಎಣಿಸುತ್ತೆ. ಆ ಎರಡರ ಸರದಿ 00, 01, 11, 10 ಅಂತ ಬರುತ್ತೆ, ಒಂದು ಹೆಜ್ಜೆಗೆ ಒಂದೇ ಅಂಕಿ ಬದಲಾಗುತ್ತೆ. ಬೆಲ್ ಲ್ಯಾಬ್ಸ್‌ನ ಫ್ರಾಂಕ್ ಗ್ರೇಗೆ 1953ರಲ್ಲಿ ಈ ಬಗೆಯ ಸರದಿಗೆ ಪೇಟೆಂಟ್ ಸಿಕ್ಕಿತ್ತು. ಇವತ್ತಿಗೂ ಗ್ರೇ ಕೋಡ್ ಅಂತಲೇ ಹೆಸರು.

ಮುಖ್ಯ ವಿಷಯ ಇಷ್ಟು: ತಾನು ಎಲ್ಲಿದ್ದೀನಿ ಅಂತ ಎನ್‌ಕೋಡರಿಗೆ ಗೊತ್ತಿಲ್ಲ. ಎಷ್ಟು ಹೆಜ್ಜೆ ಸರಿದೆ ಅನ್ನೋದಷ್ಟೇ ಗೊತ್ತು. ಎಣಿಕೆ ಇರೋದು ಚಿಪ್ಪಿನ ತಲೆಯಲ್ಲಿ. ಕರೆಂಟ್ ಹೋದರೆ ಎಣಿಕೆ ಅಳಿಸಿಹೋಗುತ್ತೆ, ವಾಪಸ್ ಬಂದಾಗ ಎಲ್ಲಾ ಸೊನ್ನೆಯಿಂದ ಶುರು. ನನಗೆ ಬೇಕಾಗಿದ್ದು ಅದೇ ತಾನೇ! ಪಂಪ್‌ಸೆಟ್ ಸ್ಟಾರ್ಟರಿನ ಬುದ್ಧಿ ಪುಕ್ಕಟೆ ಬಂದ ಹಾಗಾಯ್ತು. ನಾಬಿನ ಸುತ್ತ ಎಲ್‌ಇಡಿ ಬಳೆ, ಮುಂದೆ ಕಪ್ಪು ಗಾಜು, ಪಲ್ಸ್ ಬೇಕಿದ್ದರೆ ನಾಬನ್ನೇ ಒತ್ತೋದು. ಆಫೀಸಿನಲ್ಲಿ ಎಲ್ಲರೂ ಫೋಟೋ ತೆಗೆದರು. ಮೇಷ್ಟ್ರು ಮಾತ್ರ ನಾಬನ್ನ ಎರಡು ಸುತ್ತು ತಿರುಗಿಸಿ, "ಇದಕ್ಕೆ ಮನೆ ಅಂತ ಒಂದಿಲ್ಲ" ಅಂತ ಹೇಳಿ ಟೀಗೆ ಹೋದರು.

ಯುಗಾದಿಗೆ ಅದನ್ನ ಊರಿಗೆ ತಗೊಂಡು ಹೋದೆ.

ಅಮ್ಮ ಅಡುಗೆ ಮಾಡೋದನ್ನ ನಾನು ಅಷ್ಟು ಗಮನವಿಟ್ಟು ನೋಡಿದ್ದು ಅವತ್ತೇ. ಮಿಕ್ಸಿ ಓಡುವಾಗ ಅವಳು ಮಿಕ್ಸಿಯನ್ನ ನೋಡೋದೇ ಇಲ್ಲ. ಎಡಗೈ ಮುಚ್ಚಳದ ಮೇಲೆ, ಬಲಗೈ ನಾಬಿನ ಮೇಲೆ, ಕಣ್ಣು ಒಲೆ ಮೇಲಿನ ಒಗ್ಗರಣೆ ಕಡೆಗೆ. ಸಾಸಿವೆ ಸಿಡಿದ ತಕ್ಷಣ ಬಲಗೈ ಸರಕ್ಕನೆ ಎಡಕ್ಕೆ ತಿರುಗಿಸಿ ಒಲೆ ಕಡೆ ಹೋಗಬೇಕು. ಹಳೇ ಮಿಕ್ಸಿಯಲ್ಲಿ ಇದು ಲೆಕ್ಕವೇ ಅಲ್ಲ. ಎಡಕ್ಕೆ ತಿರುಗಿಸ್ತಾ ಹೋದರೆ ಸೊನ್ನೆ ಬರುತ್ತೆ. ಸೊನ್ನೆ ದಾಟಿ ಬಲವಂತ ಮಾಡಿದರೆ ಸ್ಪ್ರಿಂಗ್ ಎದುರು ನೂಕುತ್ತೆ, ಅದು ಪಲ್ಸ್. ಕೈ ಬಿಟ್ಟರೆ ತಾನೇ ಸೊನ್ನೆಗೆ ವಾಪಸ್ ಬಂದು ಕೂರುತ್ತೆ. ಹೇಗೇ ಮಾಡಿ, ಕೈ ಬಿಟ್ಟಾಗ ಸೊನ್ನೆಯಲ್ಲೇ ಇರ್ತೀರಿ. ಯಾರು ಮೊದಲು ಯೋಚಿಸಿದರೋ ಗೊತ್ತಿಲ್ಲ, ಅವರಿಗೊಂದು ನಮಸ್ಕಾರ.

ನನ್ನ ಎನ್‌ಕೋಡರ್ ಮಿಕ್ಸಿಯಲ್ಲಿ ಅಮ್ಮ ಎಡಕ್ಕೆ ತಿರುಗಿಸಿದಳು. ಟಿಕ್ ಟಿಕ್ ಅಂತ ಬೆರಳಿಗೆ ತಾಗಿತು, ಆದರೆ ಎಲ್ಲೂ ತಡೆ ಸಿಗಲಿಲ್ಲ. ನಿಂತಿತೋ ಇಲ್ಲವೋ ತಿಳಿಯದೆ ಇನ್ನೂ ಜೋರಾಗಿ ಅದುಮಿ ತಿರುಗಿಸಿದಳು. ಅದುಮಿದರೆ ಪಲ್ಸ್! ಮುಚ್ಚಳದ ಮೇಲಿದ್ದ ಕೈ ಆಗಲೇ ಒಲೆ ಕಡೆ ಹೋಗಿತ್ತು. ಕಾಯಿ ಚಟ್ನಿ ಸೂರಿಗೆ ಹಾರಿ, ಕ್ಯಾಲೆಂಡರ್ ಮೇಲೆ ಇಳೀತು.

ನಾನು ನಕ್ಕೆ. ಅಮ್ಮ ನಗಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಗೆರೆ ಬಿದ್ದ ಬೆರಳನ್ನ ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಅದನ್ನ ನೋಡಿ ನನ್ನ ನಗು ಅಲ್ಲೇ ನಿಂತಿತು.

"ನಿಲ್ಸೋದು ಎಲ್ಲಿ ಅಂತ ಕೈಗೆ ಗೊತ್ತಾಗ್ತಿಲ್ಲ ಕಣೇ" ಅಂದಳು.

"ಬಳೆ ಥರ ಲೈಟ್ ಇದೆಯಲ್ಲಮ್ಮ, ನೋಡು."

"ನೋಡೋಕೆ ಹೋದ್ರೆ ಒಗ್ಗರಣೆ ಸೀಯುತ್ತೆ."

ಅವಳ ಬಲಗಣ್ಣಿಗೆ ಆಗಲೇ ಪೊರೆ ಬಂದಿತ್ತು, ಕನ್ನಡಕಕ್ಕೆ ಅನ್ನದ ಹಬೆ. ಆ ಬಳೆ ಅವಳಿಗೆ ಬೆಳ್ಳಗೆ ಹರಡಿದ ಒಂದು ಮಚ್ಚೆ ಅಷ್ಟೇ. ಮಾರನೇ ದಿನ ಎದ್ದು ನೋಡಿದರೆ ನನ್ನ ಮಿಕ್ಸಿ ಕಪಾಟಿನ ಮೇಲೆ ಹೋಗಿ ಕೂತಿತ್ತು. ರಿಪೇರಿ ಮಾಡಿ ವಾಪಸ್ ಕೊಟ್ಟಿದ್ದ ಹಳೇದು, ಬೆರಳು ಕೊಯ್ದ ಅದೇ ಮಿಕ್ಸಿ, ಒಲೆ ಪಕ್ಕದಲ್ಲಿ ಓಡ್ತಾ ಇತ್ತು.

ದೊಡ್ಡವರು ಮಾಡಿದ ತಪ್ಪು

ನನ್ನ ತಪ್ಪನ್ನ ನನಗಿಂತ ಬಹಳ ದೊಡ್ಡವರೂ ಮಾಡಿದ್ದಾರೆ ಅಂತ ಆಮೇಲೆ ಓದಿ ತಿಳ್ಕೊಂಡೆ. 2017ರ ಆಗಸ್ಟ್ 21ರಂದು ಸಿಂಗಪುರದ ಬಳಿ ಅಮೆರಿಕ ನೌಕಾಪಡೆಯ ಜಾನ್ ಎಸ್. ಮೆಕೇನ್ ಹಡಗು ಒಂದು ತೈಲ ಹಡಗಿಗೆ ಡಿಕ್ಕಿಯಾಗಿ 10 ನಾವಿಕರು ಸತ್ತರು. ಚುಕ್ಕಾಣಿ, ವೇಗ ಎಲ್ಲವೂ ಟಚ್‌ಸ್ಕ್ರೀನಿನಲ್ಲಿದ್ದ ಹಡಗು ಅದು. ಚುಕ್ಕಾಣಿಯ ಹಿಡಿತ ಪಕ್ಕದ ಇನ್ನೊಂದು ಸ್ಕ್ರೀನಿಗೆ ಹೋಗಿತ್ತು. ನಡೆಸುತ್ತಿದ್ದವರು ಚುಕ್ಕಾಣಿಯೇ ಕೆಟ್ಟಿದೆ ಅಂದುಕೊಂಡರು. ತರಬೇತಿಯ ಕೊರತೆಯೂ ಇತ್ತು, ಎಲ್ಲಾ ದೂರು ಗಾಜಿನ ಮೇಲೆ ಹಾಕೋ ಹಾಗಿಲ್ಲ. ಆದರೂ 2019ರಲ್ಲಿ ತನಿಖಾ ವರದಿ ಬಂದ ಮೇಲೆ, ವೇಗದ ಹಿಡಿಗಳನ್ನ ಮತ್ತೆ ಕೈಯಲ್ಲಿ ಹಿಡಿಯೋ ಥರಾನೇ ಮಾಡ್ತೀವಿ ಅಂತ ನೌಕಾಪಡೆ ಹೇಳಿತು. ಯುರೋಪಿನಲ್ಲಿ ಕಾರುಗಳಿಗೆ ಸುರಕ್ಷತೆಯ ಸ್ಟಾರ್ ಕೊಡೋ ಯೂರೋ ಎನ್‌ಕ್ಯಾಪ್ ಕೂಡ 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್ ಥರದ್ದಕ್ಕೆ ನಿಜವಾದ ಗುಂಡಿ, ಕಡ್ಡಿ ಇದ್ದರಷ್ಟೇ ಪೂರ್ತಿ ಅಂಕ ಅಂತ ಹೇಳಿದೆ.

ಎರಡನೇ ಮಹಾಯುದ್ಧದ ಕಾಲದ್ದು ಇನ್ನೊಂದು ನನಗೆ ಬಹಳ ಹಿಡಿಸಿತು. ಬಿ-17 ವಿಮಾನಗಳನ್ನ ಇಳಿಸಿದ ಮೇಲೆ ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಮಡಚೋ ಬದಲು ಚಕ್ರಗಳನ್ನೇ ಮಡಚಿಬಿಡುತ್ತಿದ್ದರಂತೆ. ಎರಡರ ಸ್ವಿಚ್ಚೂ ಅಕ್ಕಪಕ್ಕ, ಎರಡೂ ಒಂದೇ ಥರ. ಆಲ್ಫೋನ್ಸ್ ಚಪಾನಿಸ್ ಅನ್ನೋ ಮನಶ್ಶಾಸ್ತ್ರಜ್ಞ ಪೈಲಟ್‌ಗಳನ್ನ ಬೈಯಲಿಲ್ಲ. ಚಕ್ರದ ಹಿಡಿಗೆ ಒಂದು ರಬ್ಬರ್ ಚಕ್ರ ಅಂಟಿಸಿದರು, ಫ್ಲ್ಯಾಪಿನದಕ್ಕೆ ಬೆಣೆ ಆಕಾರದ ತುಂಡು. ಕತ್ತಲಲ್ಲೂ ಕೈಗೆ ಗೊತ್ತಾಗಲಿ ಅಂತ. "ನಂದೇ ತಪ್ಪು" ಅಂತ ಹೇಳಿಕೊಂಡ ಪೈಲಟ್‌ಗಳೂ ಅಮ್ಮನ ಹಾಗೆ ಎಷ್ಟು ಜನ ಇದ್ದರೋ.

ಎದ್ದಾಗ ಎಲ್ಲಿದ್ದೆ?

ವಾಪಸ್ ಬಂದು ಮೇಷ್ಟ್ರ ಮುಂದೆ ಕೂತೆ. ಬೇಕಿರೋದು ಎರಡು. ಸ್ವಿಚ್ಚು ಹಳೇದರ ಹಾಗೆ ತನ್ನ ಜಾಗ ನೆನಪಿಡಬೇಕು, ಕೈಗೆ ಹೇಳಬೇಕು. ಆದರೆ ಕರೆಂಟ್ ಹೋಗಿ ಬಂದರೆ ಆ ನೆನಪಿನ ಮಾತು ಕೇಳಿ ಮೋಟಾರ್ ಹೊರಡಬಾರದು. ಉಪಾಯ ನನಗೂ ಹೊಳೆದಿತ್ತು. ಚಿಪ್ಪು ಎಚ್ಚರವಾದ ತಕ್ಷಣ ನಾಬು ಎಲ್ಲಿದೆ ಅಂತ ನೋಡಲಿ. ಸೊನ್ನೆಯಲ್ಲಿ ಇಲ್ಲ ಅಂದ್ರೆ, ಒಮ್ಮೆ ಸೊನ್ನೆಗೆ ಬಂದು ಹೋಗೋವರೆಗೆ ಮೋಟಾರ್ ಬಿಡೋದು ಬೇಡ.

ಬರೆದೆ, ಜೋಡಿಸಿದೆ, ಹಾಕಿದೆ. ಮಿಕ್ಸಿ ಓಡಲೇ ಇಲ್ಲ! ಪ್ಲಗ್ ಹಾಕಿ ಸೊನ್ನೆಯಿಂದ ಒಂದಕ್ಕೆ ತಿರುಗಿಸಿದರೂ ಸುಮ್ಮನೆ. ಮೂರು ದಿನ ಕೋಡ್ ಹುಡುಕಿದೆ. ತಪ್ಪು ಕೋಡಿನಲ್ಲಿ ಇರಲಿಲ್ಲ.

ಮೇಷ್ಟ್ರು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ತೋರಿಸಿದರು. ಸೊನ್ನೆಯಲ್ಲಿ ಸ್ವಿಚ್ಚು ಎಲ್ಲಾ ಕರೆಂಟನ್ನೂ ಕಡಿಯುತ್ತಿತ್ತು, ಚಿಪ್ಪಿನದ್ದೂ ಸೇರಿ. ಹಾಗಾಗಿ ಸೊನ್ನೆಯಲ್ಲಿ ಚಿಪ್ಪು ನಿದ್ದೆಯಲ್ಲಿರುತ್ತೆ. ಒಂದಕ್ಕೆ ತಿರುಗಿಸಿದ ಮೇಲೆ ಎದ್ದು ನೋಡಿದರೆ ನಾಬು ಯಾವಾಗಲೂ ಒಂದರಲ್ಲೇ. ಮನುಷ್ಯರು ತಿರುಗಿಸಿದ್ದೋ, ಕರೆಂಟ್ ಈಗಷ್ಟೇ ಬಂದಿದ್ದೋ, ಅದಕ್ಕೆ ಎರಡೂ ಒಂದೇ. "ನೀನು ಕಾವಲುಗಾರನ್ನ ಬಾಗಿಲ ಹೊರಗೆ ಕೂರಿಸಬೇಕಿತ್ತು, ಒಳಗೆ ಕೂಡಿಹಾಕಿ ಬೀಗ ಹಾಕಿದ್ದೀಯ" ಅಂದರು.

ಹಾಗಾದರೆ ಸೊನ್ನೆಯಲ್ಲಿ ಏನೂ ಕಡಿಯೋದೇ ಬೇಡ, ಚಿಪ್ಪೇ ಮೋಟಾರ್ ನಿಲ್ಲಿಸಲಿ ಅಂದೆ. ಅದಕ್ಕೂ ಅವರು ಒಪ್ಪಲಿಲ್ಲ. ಮೋಟಾರಿಗೆ ಕರೆಂಟ್ ಬಿಡೋ ಟ್ರಯಾಕ್ ಅನ್ನೋ ಬಿಡಿಭಾಗ ಕೆಡುವಾಗ ಸಾಮಾನ್ಯವಾಗಿ ಬಾಗಿಲು ತೆರೆದುಕೊಂಡೇ ಕೆಡುತ್ತೆ. ಆಗ ಚಿಪ್ಪು ಎಷ್ಟು ಬೇಡ ಅಂದರೂ ಮೋಟಾರ್ ಓಡ್ತಾನೇ ಇರುತ್ತೆ. ಸೊನ್ನೆ ಅಂದ್ರೆ ಎರಡು ಲೋಹದ ತುಂಡುಗಳ ನಡುವೆ ನಿಜವಾದ ಗಾಳಿ ಇರಬೇಕು.

ಕೊನೆಗೆ ನಿಂತ ವಿನ್ಯಾಸ ಹೀಗೆ. ಒಂದೇ ಕಡ್ಡಿಯ ಮೇಲೆ ಎರಡು ಅಂತಸ್ತಿನ ಸ್ವಿಚ್ಚು. ಕೆಳಗಿನದ್ದು ಮೋಟಾರಿನ ದಾರಿಯನ್ನ ಸೊನ್ನೆಯಲ್ಲಿ ಕಡಿಯುತ್ತೆ. ಮೇಲಿನದ್ದು ನಾಬು ಎಲ್ಲಿದೆ ಅಂತ ಚಿಪ್ಪಿಗೆ ಹೇಳುತ್ತೆ. ಚಿಪ್ಪಿಗೆ ಕರೆಂಟ್ ಸ್ವಿಚ್ಚಿಗಿಂತ ಮೊದಲೇ ಸಿಗುತ್ತೆ, ಪ್ಲಗ್ ಹಾಕಿದ್ದರೆ ಅದು ಎಚ್ಚರ. ಒಂದೊಂದು ಜಾಗಕ್ಕೆ ಒಂದೊಂದು ರೆಸಿಸ್ಟರ್ ಇಟ್ಟು, ಚಿಪ್ಪಿಗೆ ಬೇರೆ ಬೇರೆ ವೋಲ್ಟೇಜ್ ಕಾಣೋ ಹಾಗೆ ಮಾಡಿದ್ದೀವಿ. ತಂತಿ ಕಿತ್ತುಹೋದರೆ ಈ ಯಾವುದಕ್ಕೂ ಸೇರದ ವೋಲ್ಟೇಜ್ ಕಾಣುತ್ತೆ. ಅದನ್ನ ಚಿಪ್ಪು ಸೊನ್ನೆ ಅಂತಲೇ ಓದಬೇಕು.

ಎರಡು ಅಂತಸ್ತಿಗೂ ಒಂದೇ ಲೋಹ ಸಾಲಲ್ಲ ಅನ್ನೋದು ಇನ್ನೊಂದು ಪಾಠ. ದೇವರ ಮನೆಯ ಬೆಳ್ಳಿ ದೀಪ ಕಪ್ಪಾಗುತ್ತಲ್ಲ, ಸ್ವಿಚ್ಚಿನೊಳಗಿನ ಬೆಳ್ಳಿಗೂ ಅದೇ ಗತಿ. 230 ವೋಲ್ಟಿನಲ್ಲಿ ಮೂರು ಆಂಪಿಯರ್ ಹರಿಯುವಾಗ ಆ ಕಪ್ಪು ಪೊರೆ ಸುಟ್ಟು, ಉಜ್ಜಿ ಹೋಗುತ್ತೆ, ತೊಂದರೆಯಿಲ್ಲ. ಚಿಪ್ಪಿನ ಮೂರು ವೋಲ್ಟಿಗೆ ಅದನ್ನ ಭೇದಿಸೋ ಶಕ್ತಿ ಇಲ್ಲ. ಅಲ್ಲಿಗೆ ಚಿನ್ನದ ತೆಳು ಲೇಪ ಬೇಕು. ಹಾಗಂತ ಚಿನ್ನವನ್ನ ಕೆಳಗಿನ ಅಂತಸ್ತಿಗೆ ಹಾಕಿದರೆ ಕಿಡಿಗೆ ನಾಲ್ಕು ದಿನದಲ್ಲಿ ಆವಿ. ಮಲ್ಟಿಮೀಟರ್ ಬಿಚ್ಚಿ ನೋಡಿದ್ದರೆ ಗೊತ್ತಿರುತ್ತೆ, ಎಷ್ಟೋ ಮೀಟರುಗಳ ಬೋರ್ಡಿನ ಮೇಲೆ ಚಿನ್ನದ ಬಳೆಗಳ ಹಾಗೆ ಗೆರೆ ಇರುತ್ತೆ, ನಾಬಿನ ಸ್ಪ್ರಿಂಗುಗಳು ಅದರ ಮೇಲೇ ಓಡಾಡೋದು.

ನನಗೆ ತುಂಬಾ ಖುಷಿ ಕೊಟ್ಟಿದ್ದು ಸಮಯದ ಹೊಂದಾಣಿಕೆ. ಒಂದರಿಂದ ಸೊನ್ನೆಗೆ ತಿರುಗಿಸುವಾಗ ಮೇಲಿನ ಅಂತಸ್ತು ಸ್ವಲ್ಪ ಮುಂಚೆ ಸುದ್ದಿ ಕೊಡೋ ಹಾಗೆ ಮಾಡಿದ್ದೀವಿ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತೆ. ಟ್ರಯಾಕಿಗೆ ಬೇಡ ಅಂತ ಹೇಳಿದರೆ ಸುಮಾರು 10 ಮಿಲಿಸೆಕೆಂಡಿನೊಳಗೆ ಅದು ಸುಮ್ಮನಾಗುತ್ತೆ. ಅಮ್ಮನ ಕೈ ಎಷ್ಟೇ ಚುರುಕಾದರೂ ಅಷ್ಟರಲ್ಲಿ ನಾಬು ಪೂರ್ತಿ ತಿರುಗಿರಲ್ಲ. ಕೆಳಗಿನ ಬೆಳ್ಳಿ ತುದಿಗಳು ಬಿಡಿಸಿಕೊಳ್ಳೋ ಹೊತ್ತಿಗೆ ಅಲ್ಲಿ ಕರೆಂಟೇ ಇರಲ್ಲ, ಕಿಡಿಯೂ ಇಲ್ಲ.

ಸೊನ್ನೆಯ ಹಳ್ಳವನ್ನ ಉಳಿದವಕ್ಕಿಂತ ಆಳ ಮಾಡಿಸಿದೆವು. ಒಂದು, ಎರಡು, ಮೂರರಲ್ಲಿ 'ಟಿಕ್', ಸೊನ್ನೆಯಲ್ಲಿ 'ಟಕ್'. ಮೂರು ಆದ ಮೇಲೆ ತಡೆ. ಎಡಕ್ಕೆ ಸ್ಪ್ರಿಂಗಿನ ಪಲ್ಸ್, ಹಳೇದರ ಹಾಗೇ. ನಾಬಿನ ಮೇಲೆ ಬಣ್ಣದ ಗೆರೆ ಬದಲು ಉಬ್ಬಿದ ಏಣು. ಚಟ್ನಿ ನೀರು ಇಳಿದು ಕಡ್ಡಿಯೊಳಗೆ ಹೋಗದ ಹಾಗೆ ರಬ್ಬರ್ ವಾಷರು.

ಖರ್ಚು? ಎನ್‌ಕೋಡರಿಗಿಂತ ಒಂದು ಮಿಕ್ಸಿಗೆ 38 ರೂಪಾಯಿ ಜಾಸ್ತಿ. ಮೀಟಿಂಗಿನಲ್ಲಿ ಈ 38 ರೂಪಾಯಿ ಮೇಲೆ ಒಂದೂವರೆ ಗಂಟೆ ಮಾತಾಯ್ತು. ಮಾರ್ಕೆಟಿಂಗಿನವರ ಪ್ರಶ್ನೆ ಸರಳ: ಅಂಗಡಿಯಲ್ಲಿ ಗಾಜು, ಬೆಳಕು ನೋಡಿ ಜನ ಕೊಳ್ತಾರೆ. ಸೊನ್ನೆಯ ಹಳ್ಳ ಆಳ ಇದೆ ಅಂತ ಪೆಟ್ಟಿಗೆ ಮೇಲೆ ಹೇಗೆ ಬರೆಯೋದು? ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಮುಂದಿನ ಸೋಮವಾರ ಗಿರಾಕಿ ಕಂಪನಿಯವರು ಎರಡೂ ಮಾದರಿ ನೋಡಿ ತೀರ್ಮಾನ ಮಾಡ್ತಾರೆ.

ಅಷ್ಟರವರೆಗೆ ನೀವು ಒಂದು ಮಾಡಬಹುದು. ಇವತ್ತು ಮನೆಗೆ ಹೋದಾಗ, ಪ್ಲಗ್ ಕಿತ್ತು, ಕಣ್ಣು ಮುಚ್ಚಿ ನಿಮ್ಮ ಮಿಕ್ಸಿಯ ನಾಬ್ ತಿರುಗಿಸಿ ನೋಡಿ. ಸೊನ್ನೆ ಎಲ್ಲಿ ಅಂತ ಗೊತ್ತಾಗುತ್ತಾ? ಗೊತ್ತಾದರೂ, ಕರೆಂಟ್ ಹೋದಾಗ ಮೊದಲು ನಾಬು ಸೊನ್ನೆಗೆ ತನ್ನಿ, ಜಾರನ್ನ ಕೆಳಗಿಳಿಸಿ, ಕೈ ಹಾಕೋದು ಆಮೇಲೆ.

ಹೋದ ಭಾನುವಾರ ಎರಡನೇ ಮಾದರಿಯನ್ನ ಊರಿಗೆ ತಗೊಂಡು ಹೋಗಿದ್ದೆ. ಜಾರಿಗೆ ಬರೀ ನೀರು ಹಾಕಿ, ನಾಬು ಎರಡಕ್ಕೆ ಇಟ್ಟು ಓಡಿಸಿದೆ. ಅಪ್ಪ ಹೊರಗೆ ಹೋಗಿ ಮೀಟರ್ ಬೋರ್ಡಿನ ಮೇನ್ ಸ್ವಿಚ್ ಆರಿಸಿದರು. ಮಿಕ್ಸಿ ನಿಂತಿತು. "ಹಾಕ್ಲಾ?" ಅಂತ ಅಲ್ಲಿಂದಲೇ ಕೂಗಿದರು. ಅಮ್ಮ ಅಡುಗೆಮನೆ ಬಾಗಿಲ ಹತ್ತಿರ ನಿಂತಿದ್ದಳು, ಎರಡೂ ಕೈ ಸೆರಗಿನೊಳಗೆ.

ಮೇನ್ ಬಿತ್ತು. ಫ್ರಿಜ್ ಗುರ್ ಅಂತು, ಹಾಲಿನ ಫ್ಯಾನ್ ತಿರುಗಿತು. ಮಿಕ್ಸಿ ಸುಮ್ಮನೆ ಕೂತಿತ್ತು, ನಾಬು ಎರಡರಲ್ಲೇ.

ಅಮ್ಮ ಸ್ವಲ್ಪ ಹೊತ್ತು ಕಾದು ಹತ್ತಿರ ಬಂದಳು. ನಾಬನ್ನ ಸೊನ್ನೆಗೆ ತಂದಳು. ಟಕ್. ಒಂದಕ್ಕೆ ತಿರುಗಿಸಿದಳು, ನೀರು ಗಿರ್ ಅಂತ ಸುತ್ತಿತು. ಮತ್ತೆ ಸೊನ್ನೆ. ಐದಾರು ಸಲ ಹಾಗೇ ಮಾಡಿದಳು, ಅಷ್ಟೂ ಹೊತ್ತು ಕಿಟಕಿಯಾಚೆ ತೆಂಗಿನ ಗರಿ ನೋಡ್ತಾ.

ಸಂಜೆ ಬಸ್ಸಿಗೆ ಹೊರಡುವಾಗ, "ಮಿಕ್ಸಿ ಕೊಡಮ್ಮ, ಸೋಮವಾರ ಮೀಟಿಂಗಿಗೆ ಬೇಕು" ಅಂದೆ.

"ಸೋಮವಾರ ದೋಸೆ ಕಣೇ" ಅಂದಳು. "ಅವರಿಗೆ ಆ ಲೈಟಿಂದು ತೋರಿಸು, ಕಪಾಟಿನ ಮೇಲಿದೆ."